ನನ್ನ ಫೋಟೋ ಇಳಿಸಿ, ಇಲ್ಲಾಂದ್ರೆ ಕೆಳಗೆ ನಿಜ ಬರೆಯಿರಿ

ಕಲ್ಯಾಣದ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಸ್ಟೇಷನ್ ಹೊರಗೆ ನಿಮ್ಮ ಅಡ್ಮಿಶನ್ ಬ್ಯಾನರ್ ಉಂಟಲ್ಲ, ಅದರಲ್ಲಿ ಭರತನಾಟ್ಯದ ಅರಮಂಡಿ ಕೂತು ನಗ್ತಾ ಇರುವ ಹುಡುಗಿ ನಾನು. ಕೆಳಗೆ "ನೃತ್ಯ ಪದವಿ, ಉಜ್ವಲ ಭವಿಷ್ಯ" ಅಂತ ಹಾಕಿಸಿದ್ದೀರಿ. ನನ್ನನ್ನು ಒಂದು ಮಾತು ಕೇಳಿಲ್ಲ. ಕೇಳಿದ್ದರೆ ಹೇಳ್ತಿದ್ದೆ, ಆ ಭವಿಷ್ಯ ಈಗ ಡೊಂಬಿವಲಿಯ ಎಂಐಡಿಸಿ ಕಾರ್ಖಾನೆ ಏರಿಯಾದ ಒಂದು ಕೆಮಿಕಲ್ ಕಂಪೆನಿಯ ಗೇಟಿನಲ್ಲಿ ಕೂತು ಲಾರಿಗಳಿಗೆ ಪಾಸ್ ಬರೀತಾ ಉಂಟು ಅಂತ. ಅಲ್ಲಿಯ ಸೂಪರ್‌ವೈಜರ್ ಸಿದ್ರಾಮಣ್ಣ ಕಲಬುರ್ಗಿಯವರು. ನನ್ನ ಸರ್ಟಿಫಿಕೇಟ್ ತಿರುವಿ ಮುರುವಿ ನೋಡಿ, "ಕುಣೀಲಿಕ್ಕೂ ಕಾಲೇಜ್ ಇರ್ತದೇನವ್ವಾ?" ಅಂದ್ರು. ಇರ್ತದೆ ಸರ್, ನೀವು ನಡೆಸ್ತಿದ್ದೀರಲ್ಲ.

ಕನ್ನಡ ಟೈಪ್ ಮಾಡ್ಲಿಕ್ಕೆ ನನಗೆ ಬರೋದಿಲ್ಲ. ಡ್ಯೂಟಿ ಮುಗಿಸಿ ಬಂದು ಮೊಬೈಲಲ್ಲಿ ಮಾತಾಡಿ ಕಳಿಸಿದ್ದನ್ನು ಇಲ್ಲಿಯ ಕನ್ನಡ ಸಂಘದ ವೇದಾವತಿ ಆಂಟಿ ಬರೆದು ಪತ್ರಿಕೆಗೆ ಕೊಡ್ತಾರೆ. ನಿಮಗೆ ಕನ್ನಡ ಬಾರದಿದ್ದರೂ ಓದಿ ಹೇಳ್ಲಿಕ್ಕೆ ನಿಮ್ಮ ಆಫೀಸಿನಲ್ಲೇ ನಮ್ಮ ಉಡುಪಿ ಕಡೆಯ ಕ್ಲರ್ಕ್ ಇದ್ದಾರೆ.

ಅವಸರ ಎಂತಕ್ಕೆ ಅಂದ್ರೆ, ಶನಿವಾರ ಅಡ್ಮಿಶನ್‌ಗೆ ಕಡೇ ದಿನ. ನಾನು ಇರೋದು ರಮಾಕಾಂತ ಚಿಕ್ಕಪ್ಪನ ಮನೆಯಲ್ಲಿ. ಅವರ ಮಗಳು ಅಮೂಲ್ಯಾ ಹನ್ನೆರಡನೇ ಪಾಸಾಗಿದ್ದಾಳೆ. ಸಿಕ್ಕಿದ ಕಾಮರ್ಸ್ ಸೀಟು ಬಿಟ್ಟು ನಿಮ್ಮಲ್ಲಿಗೇ ಬರ್ತಾಳಂತೆ. ಬೇಡ ಅಂದೆ. "ಜಲ್ತೀ ಹೈ ಕ್ಯಾ ಅಕ್ಕಾ? ತೇರಾ ಫೋಟೋ ಲಗಾ, ಮೇರಾ ನಹೀಂ ಲಗನಾ ಚಾಹಿಯೇ?" ಅಂತ ಕೇಳಿದಳು. ನನ್ನ ಫೋಟೋ ಬಂತು, ಅವಳದ್ದು ಬರಬಾರದು ಅಂತ ನನಗೆ ಹೊಟ್ಟೆಕಿಚ್ಚಂತೆ! ನಿಮ್ಮ ಬ್ಯಾನರಿನ ಎದುರು ನನ್ನ ಮಾತು ನಡೀತಿಲ್ಲ ಸರ್. ನನ್ನ ಮುಖವೇ ನನ್ನ ಮಾತಿಗೆ ಅಡ್ಡ ನಿಂತಿದೆ.

ನಾನು ನಿಮ್ಮಲ್ಲಿಗೆ ಬಂದದ್ದು ಹೇಗೆ ಗೊತ್ತುಂಟಾ? ಊರಿಂದ ಬಂದಾಗ ಎರಡು ಕಡೆ ಸೀಟು ಸಿಕ್ಕಿತ್ತು. ಇನ್ನೊಂದು ನವಿ ಮುಂಬಯಿಯಲ್ಲಿ, ಘಣಸೋಲಿ ಹತ್ತಿರ. ಅಲ್ಲಿ ಮಕ್ಕಳಿಗೆ ಪಾಠ ಮಾಡೋದು ಹೇಗೆ, ಸ್ಟೇಜ್ ಲೈಟಿಂಗ್ ಹೇಗೆ, ಕಾಲು ಉಳುಕಿದರೆ ಎಂತ ಮಾಡ್ಬೇಕು, ಎಲ್ಲ ಕಲಿಸ್ತಾರೆ. ಚಿಕ್ಕಪ್ಪನಿಗೆ ಹೋಟೆಲು, ಗಲ್ಲಾದಲ್ಲಿ ಕೂತೇ ತೀರ್ಮಾನ ಮಾಡಿದರು. "ಅದು ಬೇಡ ಮಾರಾಯ್ತಿ. ಠಾಣೆಯಲ್ಲಿ ಇಳಿದು ಇನ್ನೊಂದು ಟ್ರೇನ್ ಹತ್ತಬೇಕು, ಆ ರಶ್ಶಿನಲ್ಲಿ ನಿನ್ನ ಕಾಲೇ ಉಳಿಯೋದಿಲ್ಲ. ಬೆಳಿಗ್ಗೆ ಕಲ್ಯಾಣ ಕಡೆ ಗಾಡಿ ಖಾಲಿ, ಕೂತುಕೊಂಡೇ ಹೋಗಬಹುದು. ಕಾಲು ಗಟ್ಟಿ ಇದ್ದರೆ ಅಲ್ವಾ ಕುಣಿಯೋದು?" ಹೋಟೆಲಿಗೆ ಬಂದವರೆಲ್ಲ ಹೌದು ಹೌದು ಅಂದರು. ಟ್ರೇನಿನ ಬಗ್ಗೆ ಎಲ್ಲರೂ ಕೇಳಿದರು, ನಿಮ್ಮಲ್ಲಿ ಕಲಿತವರು ಈಗ ಎಂತ ಮಾಡ್ತಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ನಮ್ಮವರ ಈ ಬುದ್ಧಿ ನಿಮಗೆ ಚೆನ್ನಾಗಿ ಗೊತ್ತುಂಟು. ಅದಕ್ಕೇ ಪ್ರಾಸ್ಪೆಕ್ಟಸ್‌ನ ಮೊದಲ ಪುಟದಲ್ಲೇ "ಸ್ಟೇಷನ್‌ನಿಂದ ಐದೇ ನಿಮಿಷ" ಅಂತ ದಪ್ಪ ಅಕ್ಷರ. ಸಿಲೆಬಸ್ ಎಲ್ಲಿ ಉಂಟು ಅಂತ ಹುಡುಕಲಿಕ್ಕೇ ಕನ್ನಡಕ ಬೇಕು.

ಪಾಸಾದ ಮೇಲೆ ಶಾಲೆ ಶಾಲೆ ತಿರುಗಿದೆ, ಠಾಣೆ, ಉಲ್ಹಾಸನಗರ, ಎಲ್ಲ ಕಡೆ. ದೀಪಾವಳಿ ಮುಗಿದ ಕೂಡಲೇ ಕರೀತಾರೆ. ಯಾಕೆಂದ್ರೆ ಆಗ ಗ್ಯಾದರಿಂಗ್, ಇಲ್ಲಿ ವಾರ್ಷಿಕೋತ್ಸವಕ್ಕೆ ಹಾಗೆ ಹೇಳೋದು. ನಾಲ್ಕು ಸಿನಿಮಾ ಹಾಡಿಗೆ ಮಕ್ಕಳನ್ನು ಕುಣಿಸಿ, ಪರದೆ ಬಿದ್ದ ಮರುದಿನ "ಥ್ಯಾಂಕ್ಯೂ ಟೀಚರ್". ಪರ್ಮನೆಂಟ್ ಮಾಡಿ ಅಂದರೆ ಬಿಎಡ್ ಕೇಳ್ತಾರೆ. ಬಿಎಡ್‌ಗೆ ಹೋದರೆ ಕೌಂಟರಿನವಳು ನಗ್ತಾಳೆ: "ಡಾನ್ಸ್ ಸಬ್ಜೆಕ್ಟ್ ಥೋಡೀ ಹೈ, ಆಕ್ಟಿವಿಟಿ ಹೈ." ನಾನು ಮೂರು ವರ್ಷ ಕಲಿತದ್ದು ಪಾಠವೇ ಅಲ್ಲವಂತೆ. ಅಡ್ಮಿಶನ್ ದಿನ ಇದನ್ನು ನೀವು ಯಾಕೆ ಹೇಳಲಿಲ್ಲ? ಗೊತ್ತಿರಲಿಲ್ವಾ? ಗೊತ್ತಿಲ್ಲದೆ ಕಾಲೇಜು ನಡೆಸೋದು ದೊಡ್ಡ ತಪ್ಪೋ, ಗೊತ್ತಿದ್ದೂ ಬ್ಯಾನರ್ ಕಟ್ಟೋದು ದೊಡ್ಡ ತಪ್ಪೋ?

ನಿಮ್ಮ ಹತ್ತಿರ ಬಂದು ಕಣ್ಣೀರು ಕೂಡ ಹಾಕಿದೆ. ನೆನಪಿರಲಿಕ್ಕಿಲ್ಲ. "ಕಲೆಯನ್ನು ಹೊಟ್ಟೆಪಾಡಿನ ದೃಷ್ಟಿಯಿಂದ ನೋಡಬಾರದಮ್ಮಾ" ಅಂದಿರಿ. ಬಹಳ ಒಳ್ಳೇ ಮಾತು. ಅದನ್ನೇ ಬ್ಯಾನರಿನಲ್ಲಿ ಬರೆಸಿ ಸರ್, "ಉಜ್ವಲ ಭವಿಷ್ಯ" ತೆಗೆದು. ಸಂಬಳದ ದಿನ ನಿಮಗೂ ಯಾರಾದರೂ ಹೀಗೆ ಹೇಳ್ತಾರಾ?

ನನ್ನ ಬೇಡಿಕೆ ಇಷ್ಟೇ. ನನ್ನ ಫೋಟೋ ಇಳಿಸಿ. ಇಳಿಸೋದಿಲ್ಲ ಅಂತಾದರೆ ಕೆಳಗೆ "ಈಗ ಗೇಟ್ ಪಾಸ್ ಬರೆಯುತ್ತಾಳೆ" ಅಂತ ಬರೆಸಿ. ನನ್ನ ಜೊತೆ ಪಾಸಾದವರು ಎಲ್ಲೆಲ್ಲಿದ್ದಾರೆ ಅಂತ ವಿಚಾರಿಸಿ ನೋಟಿಸ್ ಬೋರ್ಡಿಗೆ ಹಚ್ಚಿ. ಪಾಠ ಮಾಡೋದನ್ನೂ ಕಲಿಸಿ.

ಶನಿವಾರ ಅಮೂಲ್ಯಾ ಬರ್ತಾಳೆ. ನಾನು ಇನ್ನು ತಡೆಯೋದಿಲ್ಲ, ಕುಣಿಯಬೇಡ ಅಂತ ಹೇಳಲಿಕ್ಕೆ ನನಗೆ ಬಾಯಿ ಬರೋದಿಲ್ಲ. "ಮುಂದೆ ಎಂತ ಸಿಗ್ತದೆ?" ಅಂತ ಅವಳು ಕೇಳಿದರೆ, ದಯವಿಟ್ಟು ಒಂದು ಸಲ, ಅವಳ ಮುಖ ನೋಡಿ ನಿಜ ಹೇಳಿ. ಅದನ್ನು ಕೇಳಿಯೂ ಸೇರ್ತೇನೆ ಅಂದರೆ, ಅವಳ ಕಾಲಿಗೆ ಗೆಜ್ಜೆ ನಾನೇ ಕಟ್ತೇನೆ.

ಇಂತಿ,
ಇನ್ನೂ ಕುಣಿಯೋದು ಬಿಡಲಿಕ್ಕಾಗದ,
ದಿಶಾ
ಡೊಂಬಿವಲಿ