ಜೇನು ತಿನ್ನುವವನು

ಆವತಿ, ಗುರುವಾರ

ಚಿ. ಸಿಂಚನಾಳಿಗೆ ಆಶೀರ್ವಾದಗಳು.

ನಿನ್ನ ಪ್ರಬಂಧ ಓದಿದೆ. ಪ್ರಾಚೀನ ಸ್ಲಾವರು ಭಯದಿಂದ ಕರಡಿಯ ನಿಜನಾಮವನ್ನೇ ಬಿಟ್ಟು, ‘ಜೇನು ತಿನ್ನುವವನು’ ಎಂಬರ್ಥದ ‘ಮೆದ್ವೇದಿ’ ಎಂದು ಕರೆದರೆಂಬ ವಿವರಣೆ ಸೊಗಸಾಗಿದೆ. ಷಷ್ಠೀ ವಿಭಕ್ತಿಯಲ್ಲಿ ಕೊನೆಯ ಇಕಾರ ದೀರ್ಘವಾಗುವುದನ್ನೂ ಸರಿಯಾಗಿ ತೋರಿಸಿದ್ದೀಯೆ.

ಸೋಮವಾರ ಪಕ್ಕದ ಮನೆಯ ಗಂಗಲಕ್ಷ್ಮಮ್ಮ, “ಬೆಟ್ಟದ ತಾವ ದೊಡ್ನಾಯಿ ಐತೆ ಟೀಚರಮ್ಮ. ನಿಜವಾದ ಹೆಸ್ರು ಎತ್ಬೇಡಿ, ಮನೆತಾವ್ಕೇ ಬತ್ತದೆ” ಎಂದರು. ಅದು ಚಿರತೆ ಎಂದು ತಿದ್ದಿ, ಆ ಪದವನ್ನು ಅವರಿಂದಲೇ ಜೋರಾಗಿ ಹೇಳಿಸಿದೆ. ಮರುದಿನ ಹುಲ್ಲು ಕೊಯ್ಯಲು ಹೋದ ಗಂಗಲಕ್ಷ್ಮಮ್ಮ ಹಿಂತಿರುಗಿಲ್ಲ. ಕುಡುಗೋಲು ಮಾತ್ರ ಸಿಕ್ಕಿದೆ.

ಇದು ಕಾಕತಾಳೀಯವೆಂದು ಬಲ್ಲೆ. ಆದರೂ ಹುಡುಕಲು ಬಂದವರು ಯಾವ ಪ್ರಾಣಿಯೆಂದು ಕೇಳಿದಾಗ ನನ್ನ ಬಾಯಿಂದ ಆ ಪದ ಹೊರಡಲಿಲ್ಲ.

ಭಾನುವಾರ ನೀನು ಬರುವುದು ಬೇಡ. ನನ್ನ ಹಿತ್ತಿಲಿನಲ್ಲಿ ನಿನ್ನೆಯಿಂದ ಹೆಜ್ಜೆಗುರುತುಗಳಿವೆ.

ಇತಿ, ನಿನ್ನ ಉಪಾಧ್ಯಾಯಿನಿ,
ವಿಶಾಲಾಕ್ಷಮ್ಮ