ಅರ್ಧ ಲೀಟರ್ ಹಾಲಿಗೆ ಒಂದು ಗಂಟೆ

ಗುಟ್ಟು ಬಿಟ್ಟುಕೊಡದೆ ಹೋದ ನನ್ನಮ್ಮನಿಗೆ,

ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಹಾಲಿಗೆ ಹೋಗುತ್ತಿದ್ದೆಯಲ್ಲ, ಡೈರಿ ಇರುವುದು ನಮ್ಮ ಬೀದಿಯ ಕೊನೆಯಲ್ಲೇ. ಅರ್ಧ ಲೀಟರ್ ಹಾಲಿಗೆ ನಿನಗೆ ಒಂದು ಗಂಟೆ ಯಾಕೆ ಬೇಕಾಗುತ್ತಿತ್ತು? ಯಾರದೋ ಜಗಲಿಯಲ್ಲಿ ಕೂತು ಹರಟುತ್ತೀಯ ಅಂದುಕೊಂಡಿದ್ದೆ. ಇತ್ತ ನನಗೆ ಪಾಠ ಮಾಡಲು ಸ್ಕೂಲಿಗೆ ಹೋಗಲು ಹೊತ್ತಾಗುತ್ತಿತ್ತು, ಕಾಫಿಗೆ ಹಾಲಿರುತ್ತಿರಲಿಲ್ಲ.

ಒಂದು ದಿನ ಸಿಡುಕಿಬಿಟ್ಟೆ. ಬಿಪಿ ಇಟ್ಟುಕೊಂಡು ಯಾಕೆ ಓಡಾಡುತ್ತೀಯ, ಆರಾಮಾಗಿ ಕೂತಿರು ಎಂದು ಹಾಲಿನ ಪ್ಯಾಕೆಟ್ಟು ಬಾಗಿಲಿಗೇ ಬರುವ ಹಾಗೆ ಮಾಡಿದೆ. ದೊಡ್ಡ ಉಪಕಾರ ಮಾಡಿದೆ ಅಂತ ಬೀಗಿದ್ದೂ ಬೀಗಿದ್ದೇ. ನೀನು ಕ್ಯಾನು ತೊಳೆದು ಅಟ್ಟದ ಮೇಲಿಟ್ಟೆ. ಆಮೇಲೆ ಟಿವಿ ಮುಂದೆ ಕೂತವಳು ಕೂತೇಬಿಟ್ಟೆ. ಒಂದಿದ್ದ ಮಾತ್ರೆ ಎರಡಾಯಿತು. ಮರುವರ್ಷ ಲಕ್ವ ಹೊಡೆದು, ಹದಿನೈದು ದಿನ ಮಲಗಿ, ನೀನು ಹೋಗಿಬಿಟ್ಟೆ.

ಹೋದ ತಿಂಗಳು ನನಗೂ ಬಿಪಿ ಬಂತಮ್ಮ. ಮಾತ್ರೆ ಜೊತೆಗೆ ದಿನಾ ಅರ್ಧ ಗಂಟೆ ನಡೆಯಬೇಕು ಅಂದರು ಡಾಕ್ಟರು. ಮರುದಿನ ಗೇಟಿನವರೆಗೆ ಬಂದವಳು ಅಲ್ಲೇ ನಿಂತೆ. ಈ ಅರಸೀಕೆರೆಯಲ್ಲಿ ಎದುರಾದವರೆಲ್ಲ ಎಲ್ಲಿಗೆ ಅಂತ ಕೇಳುತ್ತಾರಲ್ಲ, ಏನು ಹೇಳಲಿ? ಕೆಲಸವಿಲ್ಲದೆ ಬೀದಿ ಸುತ್ತುತ್ತಾಳೆ ಅಂದುಬಿಟ್ಟರೆ? ಮಕ್ಕಳಿಗೆ ಪಾಠ ಹೇಳುವವಳಿಗೆ ಇಷ್ಟು ನಾಚಿಕೆ! ಪಕ್ಕದ ಮನೆಯ ಗಿರಿಜಕ್ಕ ಕಾಂಪೌಂಡಿನಾಚೆಯಿಂದ ನೋಡಿ ನಕ್ಕರು.

"ನಿಮ್ಮಮ್ಮನ ಕ್ಯಾನ್ ತಗೊಂಡ್ಹೋಗೇ. ಅವ್ರಿಗೂ ಡಾಕ್ಟ್ರು ನಡೀರಿ ಅಂದಿದ್ರು. ಸ್ಟೇಷನ್ ದಾಟಿ ಮಾಲೇಕಲ್ಲು ರಸ್ತೆವರ್ಗೂ ಹೋಗ್ಬರೋರು. ಕೈಲಿ ಕ್ಯಾನ್ ಇದ್ರೆ ಯಾರೂ ಏನೂ ಕೇಳಲ್ಲ ಅನ್ನೋರು ಕಣೇ."

ನನಗೆ ಯಾಕೆ ಹೇಳಲಿಲ್ಲ? ನಗುತ್ತೇನೆ ಅಂತಲೇ? ಆ ಕ್ಯಾನು ಬಿಡಿಸಿದ್ದರಿಂದಲೇ ನೀನು... ಡಾಕ್ಟರನ್ನೇ ಕೇಳಿದೆ. ಹಾಗೆಂದು ಹೇಳಲಾಗದು ಅಂದರು. ಹಾಗಲ್ಲ ಅಂತಲೂ ಅನ್ನಲಿಲ್ಲ. ತಪ್ಪಾಯಿತಮ್ಮ.

ಅಟ್ಟದಿಂದ ಕ್ಯಾನು ಇಳಿಸಿ, ಒಂದು ವಾರ ಅದನ್ನೇ ಹಿಡಿದು ನಿನ್ನ ದಾರಿಯಲ್ಲಿ ನಡೆದೆ. ನಿಜಕ್ಕೂ ಯಾರೂ ಏನೂ ಕೇಳಲಿಲ್ಲ. ನೀನು ಎಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದೆ? ಆ ಹೊಂಗೆ ಮರದ ಕಟ್ಟೆಯ ಮೇಲೋ? ವಾಪಸ್ಸು ಬರುವಾಗ ಹಾಲು ಹಾಕಿಸುತ್ತಿದ್ದೆಯೋ, ಇಲ್ಲ ತುಂಬಿದ ಕ್ಯಾನು ಹೊತ್ತೇ ಅಷ್ಟು ದೂರ ಹೋಗುತ್ತಿದ್ದೆಯೋ?

ಇವತ್ತು ಕ್ಯಾನು ಮನೆಯಲ್ಲೇ ಬಿಟ್ಟು, ಕೈಬೀಸಿಕೊಂಡು ಹೊರಟೆ. ಸ್ಟೇಷನ್ ಹತ್ತಿರ ತೆಂಗಿನಕಾಯಿ ಮಂಡಿಯ ಯಜಮಾನರು ಎದುರಾದರು.

"ಏನ್ ಮೇಡಮ್ಮೋರೆ, ಬೆಳಬೆಳಿಗ್ಗೆ ಎಲ್ಲಿಗೆ?"

"ಎಲ್ಲಿಗೂ ಇಲ್ಲ ಕಣ್ರೀ. ಸುಮ್ನೆ ನಡೀತಿದೀನಿ."

ಅವರು ಹೌದಾ ಅಂದು ತಮ್ಮ ಪಾಡಿಗೆ ಮುಂದೆ ಹೋದರು. ಅಷ್ಟೇ ಅಮ್ಮ. ಅಷ್ಟೇ ಆಗಿದ್ದು.