ಗೇಟು ಇದ್ದ ಹಾಗೇ ಇರಲಿ

ಹಟದಲ್ಲಿ ನನ್ನನ್ನೇ ಹೋಲುವ ಮಗಳಿಗೆ,

ನಿನ್ನ ಕಾಗದ ಬಂತು. ಚಳಿಗಾಲ ಶುರುವಾಗುವ ಮೊದಲು ಜಮೀನು ಮಾರಿ ಪಟ್ಟಣಕ್ಕೆ, ನಿನ್ನ ಮನೆಗೆ, ಬಂದುಬಿಡಬೇಕೆಂದು ಬರೆದಿದ್ದೀಯ. ನನಗೆಂದು ಒಂದು ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದ್ದೀಯಂತೆ. ಅಳಿಯಂದಿರು ಕೊಳ್ಳುವವರನ್ನೂ ಹುಡುಕಿದ್ದಾರಂತೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಕೊಳ್ಳುವವರಿಗೆ ಬೇರೆ ಜಮೀನು ನೋಡಿಕೊಳ್ಳಲು ತಿಳಿಸು. ನಾನು ಬರುವುದಿಲ್ಲ.

ಇದನ್ನು ಮೊದಲೇ ಬರೆದುಬಿಟ್ಟೆ, ಕೊನೆಯವರೆಗೂ ನೀನು ಆಸೆ ಇಟ್ಟುಕೊಂಡು ಓದುವುದು ಬೇಡವೆಂದು. ಕಾರಣ ಹೇಳುವ ಅಭ್ಯಾಸ ನನಗಿಲ್ಲ. ಈ ಸಲ ಮಾತ್ರ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಿನ್ನದೂ ಒಂದು ಗಂಟಿದೆ.

ಇಲ್ಲಿಗೆ ಬಂದಿದ್ದಾಗ ಒಲೆಯ ಮುಂದೆ ನಿಂತು ಕೇಳಿದೆಯಲ್ಲ, "ಪರದೇಶದ ಮೂಲೆಯಲ್ಲಿ, ನಮ್ಮ ಮಾತಾಡೋ ಒಂದು ನರಪಿಳ್ಳೆ ಇಲ್ಲದ ಕಡೆ, ಯಾಕಮ್ಮ ಹೀಗೆ ಬಡವಳ ಥರ ಬದುಕ್ತೀಯ?" ಆಗ ನಾನು ಒಲೆಗೆ ಇನ್ನೆರಡು ಕಟ್ಟಿಗೆ ತುರುಕಿದೆ. ಈಗ ಕೇಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾನು ಹಾಸಿಗೆಯನ್ನೇ ನನ್ನ ಕಾಲಿನ ಅಳತೆಗೆ ಹೊಲಿದುಕೊಂಡವಳು. ಹಿತ್ತಲಲ್ಲಿ ಸೊಪ್ಪು, ಗೆಡ್ಡೆ, ಈರುಳ್ಳಿ. ಗೂಡಿನಲ್ಲಿ ಕೋಳಿ, ಕೊಟ್ಟಿಗೆಯಲ್ಲಿ ಮೇಕೆ. ಬಾವಿಗೆ ಕೈಪಂಪು. ಸಂಜೆ ಕತ್ತಲಾದರೆ ದೀಪ, ದೀಪ ಆರಿಸಿದರೆ ನಿದ್ದೆ. ಯಾರ ಮುಂದೆಯೂ ಕೈ ಚಾಚದೆ ಉಣ್ಣುವವಳನ್ನು ಬಡವಳು ಎನ್ನುವುದನ್ನು ನಿನಗೆ ಯಾವ ಮೇಷ್ಟರು ಕಲಿಸಿದರೋ ಕಾಣೆ. ನಾನಂತೂ ಕಲಿಸಲಿಲ್ಲ.

ನಿಮ್ಮಪ್ಪ ಆಯುಷ್ಯವೆಲ್ಲ ವರ್ಕ್‌ಶಾಪಿನಲ್ಲಿ ಬೇರೆಯವರ ಗಾಡಿಯ ಕೆಳಗೆ ಮಲಗಿದವರು. ನಿವೃತ್ತಿಯಾದ ಮೇಲೆ ಆಕಾಶ ನೋಡುತ್ತಾ ಮಲಗಬೇಕೆಂದು ಈ ತುಂಡು ಭೂಮಿ ಹಿಡಿದರು. ನಾವು ಬಂದ ಮರುದಿನವೇ ಪಕ್ಕದ ಕುರಿಯವನು ಬೇಲಿಯ ಆಚೆ ನಿಂತು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ತಲೆಯ ಮೇಲಿದ್ದ ಟೋಪಿಯನ್ನು ಕುರಿ ಅರ್ಧ ತಿಂದು ಉಗುಳಿದಂತಿತ್ತು. ಅಂದಿನಿಂದ ಅವನು ನಮಗೆ ಟೋಪಿರಾಯ. "ಇಲ್ಲಿ ಒಂದೇ ಕಾನೂನು" ಎಂದ. "ಗೇಟು ತೆರೆದಿದ್ರೆ ತೆರೆದೇ ಬಿಡಿ. ಮುಚ್ಚಿದ್ರೆ ಮುಚ್ಚಿ ಹೋಗಿ. ಉಳಿದಿದ್ದು ನಿಮ್ಮಿಷ್ಟ." ನಿಮ್ಮಪ್ಪ ನಕ್ಕು, "ನನ್ನ ಹೆಂಡತಿಗೆ ಇಷ್ಟು ಸಣ್ಣ ಕಾನೂನು ಸಾಲಲ್ಲ" ಎಂದಿದ್ದರು.

ಬೇಸಿಗೆಯಲ್ಲಿ ಗುಡ್ಡದ ಮೇಲೆ ಅವನ ಹೊಂಡ ಒಣಗುತ್ತದೆ. ನಮ್ಮ ಬಾವಿ ಒಣಗುವುದಿಲ್ಲ. ಅದಕ್ಕೇ ಬೇಸಿಗೆಯಿಡೀ ಅವನ ಗುಡ್ಡಕ್ಕೂ ನಮ್ಮ ಜಮೀನಿಗೂ ನಡುವಿನ ಗೇಟನ್ನು ತೆರೆದು ಹಗ್ಗದಿಂದ ಕಂಬಕ್ಕೆ ಕಟ್ಟಿರುತ್ತೇವೆ. ಕುರಿಗಳು ತಾವಾಗಿ ಇಳಿದು ಬಂದು, ನಾನು ತುಂಬಿಸಿಟ್ಟ ತೊಟ್ಟಿಯಲ್ಲಿ ಕುಡಿದು ಹೋಗುತ್ತವೆ. ಅವುಗಳ ಗೊಬ್ಬರ ನನ್ನ ಸೊಪ್ಪಿನ ಮಡಿಗೆ. ಅವನು ಸೀಳಿದ ಕಟ್ಟಿಗೆ ನನ್ನ ಒಲೆಗೆ. ಇದಕ್ಕೆ ಕರಾರು ಪತ್ರವಿಲ್ಲ, ಸಾಕ್ಷಿಯಿಲ್ಲ. ನಿಮ್ಮಪ್ಪ ಹೋದ ಮೇಲೂ ಒಂದು ಬೇಸಿಗೆಯೂ ತಪ್ಪಲಿಲ್ಲ.

ನೀನು ಬಂದಾಗ ಉರಿಬಿಸಿಲು. ಒಂದು ಬೆಳಿಗ್ಗೆ ನೀನೊಬ್ಬಳೇ ಗುಡ್ಡ ಹತ್ತಿ ತಿರುಗಾಡಿ ಬಂದೆ. ಮರುದಿನ ಸಂಜೆ ಟೋಪಿರಾಯ ಬಾಗಿಲಿಗೆ ಬಂದು ಕೂಗಾಡಿದ. ಎರಡು ದಿನ ಅವನು ಹುಲ್ಲು ಕೊಯ್ಯಲು ಆಚೆ ದಿಣ್ಣೆಗೆ ಹೋಗಿದ್ದ, ಗೇಟು ತೆರೆದಿದೆ ಎಂಬ ನಂಬಿಕೆಯಿಂದ. ನೀನು ಬಂದ ಸಡಗರದಲ್ಲಿ ನಾನು ತೊಟ್ಟಿಯ ಕಡೆ ಹೋಗಿರಲಿಲ್ಲ. ಗೇಟು ಮುಚ್ಚಿತ್ತು. ಕುರಿಗಳು ಗೇಟಿನ ಮುಂದೆಯೇ ಬಿದ್ದುಕೊಂಡಿದ್ದವು. ಒಂದು ಮರಿ ಏಳಲೇ ಇಲ್ಲ. "ಇಷ್ಟು ವರ್ಷ ಆಯ್ತು, ಒಂದು ಗೇಟು ಗೊತ್ತಾಗಲ್ವಾ ನಿಮಗೆ? ಬಂದವರು ಬಂದ ಕಡೆಗೇ ಹೋಗಿ" ಎಂದು ಅವನು ಕೂಗಿದ್ದು ನಿನಗೂ ಕೇಳಿಸಿತು. ನೀನು ಆ ರಾತ್ರಿಯೇ ಪೆಟ್ಟಿಗೆ ಕಟ್ಟಿದೆ. "ನೋಡಿದೆಯಾ, ಇವರಿಗೆ ನೀನು ಯಾವತ್ತಿದ್ದರೂ ಹೊರಗಿನವಳೇ" ಎಂದೆ.

ನಿನ್ನನ್ನು ಬಸ್ಸು ಹತ್ತಿಸಿ ಬಂದವಳು ನೇರ ಗೇಟಿನ ಹತ್ತಿರ ಹೋದೆ. ಅವನು ಹಗ್ಗ ಕುಯ್ದು ಗೇಟು ಬಿಡಿಸಿದ್ದ. ಗಂಟು ಹಾಗೇ ಕಂಬದಲ್ಲಿ ನೇತಾಡುತ್ತಿತ್ತು. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ. ನಿನ್ನ ಜಡೆಯ ಟೇಪು ಬಿಚ್ಚಿಹೋಗದಿರಲೆಂದು ನಾನು ಕಲಿಸಿದ ಗಂಟು. ಆದರೆ ಸುತ್ತು ಎಡಕ್ಕೆ. ಈ ಊರಿನಲ್ಲಿ ನನ್ನ ಗಂಟನ್ನು ಎಡಗೈಯಲ್ಲಿ ಹಾಕುವವರು ಯಾರಿದ್ದಾರೆ ಮಗಳೇ? ಹೊರಗೆ ಹೋಗುವಾಗ ಗೇಟು ಹಾಕಿಕೊಂಡು ಹೋಗು ಎಂದು ಬಾಲ್ಯವಿಡೀ ನಿನ್ನ ಕಿವಿ ಹಿಂಡಿದವಳು ನಾನು. ನೀನು ಅಮ್ಮನ ಮಾತು ನಡೆಸಿದೆ. ತೆರೆದಿದ್ದ ಗೇಟನ್ನು ಕಂಡು, ವಯಸ್ಸಾದವಳು ಮರೆತಿದ್ದಾಳೆ ಎಂದುಕೊಂಡು, ಹಗ್ಗ ಬಿಚ್ಚಿ, ಗೇಟು ಮುಚ್ಚಿ, ಭದ್ರವಾಗಿ ಕಟ್ಟಿ ಬಂದೆ.

ನೊಂದುಕೊಳ್ಳಬೇಡ ಎಂದು ಬರೆಯುವುದಿಲ್ಲ. ಒಂದು ಮರಿ ಸತ್ತಿದೆ, ಸ್ವಲ್ಪ ನೊಂದುಕೋ. ಆದರೆ ಯಾರೋ ನನ್ನನ್ನು ಓಡಿಸಿದರು ಎಂದು ಮಾತ್ರ ತಿಳಿಯಬೇಡ.

ಮರುದಿನದಿಂದ ಟೋಪಿರಾಯ ದೂರದ ಹಳ್ಳದಿಂದ ಡ್ರಮ್ಮಿನಲ್ಲಿ ನೀರು ಹೊತ್ತ. ನಾನು ಗೇಟನ್ನು ತೆರೆದು ಕಟ್ಟಿ, ತೊಟ್ಟಿ ತುಂಬಿಸಿದೆ. ಅವನು ಕುರಿಗಳನ್ನು ಈ ಕಡೆ ಬಿಡಲಿಲ್ಲ. ಸಂಜೆ ಆ ನೀರನ್ನು ಸೊಪ್ಪಿನ ಮಡಿಗೆ ಚೆಲ್ಲಿ, ಬೆಳಿಗ್ಗೆ ಮತ್ತೆ ತುಂಬಿಸಿದೆ. ಹೀಗೇ ವಾರ ಕಳೆಯಿತು. ನನ್ನ ರಟ್ಟೆ ಬಿದ್ದುಹೋಗುತ್ತಿತ್ತು, ಅವನ ಬೆನ್ನು ಬಗ್ಗಿಹೋಗುತ್ತಿತ್ತು. ನೀರು ಇಬ್ಬರಿಗೂ ಗೊತ್ತಿರುವ ಜಾಗದಲ್ಲಿ ಸುಮ್ಮನೆ ಬಿಸಿಲು ಕಾಯುತ್ತಿತ್ತು.

ಕೊನೆಗೆ ಒಳ್ಳೆಯ ಸೀರೆ ಉಟ್ಟು ಅವನ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋಗುವವಳು ಸುಕ್ಕು ಸೀರೆಯಲ್ಲಿ ಹೋಗಬಾರದು. ಅವನು ಅಡಿಗೆಮನೆಯಲ್ಲಿ ಕುಳಿತು ಬೂಟು ಉಜ್ಜುತ್ತಿದ್ದ, ಹೆಂಡತಿ ಬಟ್ಟಲು ತೊಳೆಯುತ್ತಿದ್ದಳು. ನಾನು ನಿಂತೇ ಹೇಳಿದೆ: "ಗೇಟು ಹಾಕಿದ್ದು ನಾನು. ಮರಿ ಸತ್ತದ್ದು ನನ್ನ ಮನೆಯಿಂದ. ಆದರೆ ಬಂದ ಕಡೆಗೆ ಹೋಗು ಅನ್ನೋ ಮಾತು ನಿನ್ನ ಮನೆಯಿಂದ ಬಂತು. ನನ್ನದು ನಾನು ಒಪ್ಪಿದ್ದೇನೆ, ನಿನ್ನದು ನೀನು ವಾಪಸ್ ತಗೋ. ತೊಟ್ಟಿ ತುಂಬಿದೆ. ಕುರಿಗಳಿಗೆ ನನ್ನ ಮೇಲೆ ಸಿಟ್ಟಿಲ್ಲ. ನಿನಗಿದ್ದರೆ ನೀನು ಕುಡಿಯಬೇಡ."

ಹೆಂಡತಿ ಬಟ್ಟಲು ಕೆಳಗಿಟ್ಟು ನಗುವುದಕ್ಕೆ ಶುರುಮಾಡಿದಳು. "ವಾರದಿಂದ ನಾನೂ ಇದನ್ನೇ ಹೇಳ್ತಿದ್ದೀನಿ. ನನ್ನ ಮಾತು ಕೇಳಿದ್ರೆ ಇವರ ಟೋಪಿ ಬಿದ್ದುಹೋಗತ್ತೆ." ಅವನು ನಗಲಿಲ್ಲ. ಬೂಟು ಉಜ್ಜುವುದನ್ನೂ ನಿಲ್ಲಿಸಲಿಲ್ಲ. ನಾನು ಕಾಯಲಿಲ್ಲ, ಹೊರಟುಬಂದೆ.

ಬೆಳಿಗ್ಗೆ ಕೊರಳಗಂಟೆಯ ಸದ್ದಿಗೆ ಎದ್ದು ನೋಡಿದರೆ ಕುರಿಗಳು ತೊಟ್ಟಿಯ ಸುತ್ತ. ಕಂಬದ ಹತ್ತಿರ ಅವನು, ಟೋಪಿ ಕೈಯಲ್ಲಿ. ನಾನು ಆ ತಲೆಯನ್ನು ನೋಡಿದ್ದು ಅದೇ ಮೊದಲು. "ಸಿಟ್ಟಲ್ಲಿ ಬಂದ ಮಾತು. ಆಡಬಾರದಿತ್ತು" ಎಂದ. ಸಾಕು ಎಂದೆ. ಅವನು ಕುರಿಗಳ ಕಡೆಯೇ ನೋಡುತ್ತಾ ಕೇಳಿದ: "ಮಗಳು ಊರು ಮುಟ್ಟಿದಳಾ?"

"ಮುಟ್ಟಿದಳು."

"ಎಡಗೈಯವಳಾದ್ರೂ ಗಂಟು ಗಟ್ಟಿ ಹಾಕ್ತಾಳೆ. ಚಾಕು ಬೇಕಾಯ್ತು ನನಗೆ."

ಅವನಿಗೆ ಗೊತ್ತಿತ್ತು, ಮಗಳೇ. ನಾನು ಅವನ ಅಡಿಗೆಮನೆಯಲ್ಲಿ ನಿಂತು ನಿನ್ನ ತಪ್ಪನ್ನು ನನ್ನದೆಂದಾಗ, ಸುಳ್ಳು ಎಂದು ಗೊತ್ತಿದ್ದೂ ತಲೆ ತಗ್ಗಿಸಿ ಬೂಟು ಉಜ್ಜುತ್ತಿದ್ದ. ನನ್ನ ಮರ್ಯಾದೆಯನ್ನು ಹೀಗೆ ಸದ್ದಿಲ್ಲದೆ ಕಾದವನ ಪಕ್ಕದ ಮನೆ ಬಿಟ್ಟು, ಬಣ್ಣ ಹೊಡೆದ ಕೋಣೆಗೆ ಯಾಕೆ ಬರಲಿ? ನಿನ್ನ ಕಟ್ಟಡದಲ್ಲಿ ಎದುರು ಮನೆಯವರ ಕಸುಬೇನು ಎಂದು ನಾನು ಕೇಳಿದ್ದಕ್ಕೆ, "ಯಾರಿಗೆ ಗೊತ್ತಮ್ಮ" ಎಂದಿದ್ದೆ. ಹೊರಗಿನವಳು ಯಾರು, ನೀನೇ ಯೋಚಿಸು.

ಮುಂದೊಂದು ದಿನ ಪಂಪು ಒತ್ತುವ ಶಕ್ತಿ ಹೋದರೆ? ಕೇಳುತ್ತೀಯ, ಗೊತ್ತು. ಆ ದಿನ ಬಂದಾಗ ಆ ದಿನದ ಜೊತೆ ನಾನೇ ಮಾತಾಡಿಕೊಳ್ಳುತ್ತೇನೆ. ಅದಕ್ಕೂ ಸುಕ್ಕು ಸೀರೆಯಲ್ಲಿ ಎದುರಾಗುವವಳಲ್ಲ.

ನೀನೇ ಬಾ. ಈ ಬೇಸಿಗೆ ಮುಗಿಯುವ ಮೊದಲು, ಅಳಿಯಂದಿರನ್ನೂ ಕರೆದುಕೊಂಡು ಬಾ. ಗುಡ್ಡ ಹತ್ತು, ಟೋಪಿರಾಯನ ಮುಂದೆ ನಿಂತು ಆಡಬೇಕಾದ ಮಾತು ನೀನೇ ಆಡು. ಅದನ್ನು ನಾನು ನಿನ್ನ ಪರವಾಗಿ ಆಡಿಲ್ಲ. ಬರುವಾಗ ದಾರಿಯಲ್ಲಿ ಗೇಟು ಸಿಗುತ್ತದೆ. ಅದು ಹೇಗಿದೆಯೋ ಹಾಗೇ ಬಿಟ್ಟು ಬಾ.

ನಿನ್ನ ಕೈಯ ಗಂಟು ಎಂದಿಗೂ ಸಡಿಲವಾಗದಿರಲಿ, ಕಟ್ಟಬೇಕಾದ ಕಡೆ.

ಇರುವಲ್ಲೇ ಇರುವ
ನಿನ್ನ ಅಮ್ಮ